ಬಾವುಟದ ದೋಣಿ ಯಾವ ಕಡೆಗೆ

ಮುಂಬೈ ಹೊರವಲಯದ ಠಾಕುರ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಚಾಳಿನ ಕೊನೆಯ ಖೋಲಿ ಹರಿಣಾಕ್ಷಿ ಮೆಂಡನ್ ಅವರದು. ಹುಟ್ಟೂರು ಹೆಜಮಾಡಿಯ ಕಡಲತಡಿ. ಮದುವೆಯಾಗಿ ಬಂದ ಮೇಲೆ ರವಿಕೆ, ಸೀರೆಯ ಫಾಲು, ಶಾಲೆಯ ಸಮವಸ್ತ್ರ ಹೊಲಿದರು. ಒಮ್ಮೆ ಭಜನಾ ಮಂದಿರಕ್ಕೆ ಬಾವುಟವೊಂದನ್ನು ಹೊಲಿದುಕೊಟ್ಟದ್ದೇ ನೆಪವಾಗಿ ಗಣಪತಿ ಮಂಡಳಿಯವರು, ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯವರು, ಕಬಡ್ಡಿ ಸಂಘದವರು ಮನೆ ಹುಡುಕಿಕೊಂಡು ಬರತೊಡಗಿದರು. ದೇವರ ಬಾವುಟವಾಗಲಿ ಕಬಡ್ಡಿಯದಾಗಲಿ, ಬಟ್ಟೆ ನೆಲಕ್ಕೆ ತಾಗದಂತೆ ಕೆಳಗೆ ಒಗೆದ ಸೀರೆ ಹಾಸಿಕೊಂಡೇ ಹೊಲಿಯುವರು.

2007ರ ಮಾರ್ಚಿನಲ್ಲಿ ಅವರ ಬಚತ್ ಗಟಕ್ಕೆ, ಅಂದರೆ ಆರು ಹೆಂಗಸರ ಉಳಿತಾಯ ಸಂಘಕ್ಕೆ, ಕಡಲ ಹಿನ್ನೀರಿನ ಖಾಡಿ ದಂಡೆಯ ಒಂದು ಮಹಾನಗರಪಾಲಿಕೆಯಿಂದ ಹನ್ನೆರಡು ಬಾವುಟಗಳ ಕೆಲಸ ಬಂತು. ಮೇ ಒಂದರಂದು ಮಹಾರಾಷ್ಟ್ರ ದಿನಕ್ಕೆ ಅವು ವಾರ್ಡ್ ಕಚೇರಿಗಳ ಮುಂದೆ ಹಾರಬೇಕು. ಇದು ಒಪ್ಪಿಗೆಯಾದರೆ ಮುಂದಿನ ವರ್ಷಗಳ ಕೆಲಸವೂ ಇವರಿಗೇ. ಇಲ್ಲವಾದರೆ ಭಿವಂಡಿಯಲ್ಲಿ ಅಚ್ಚು ಹಾಕಿಸುವ ಗುತ್ತಿಗೆದಾರನೊಬ್ಬ ತಯಾರಾಗಿಯೇ ಇದ್ದ.

ಬಿಳಿ ನೆಲ, ಕೆಳಗೆ ಎರಡು ನೀಲಿ ಅಲೆ, ಅಲೆಗಳ ಮೇಲೆ ಹಾಯಿ ಬಿಚ್ಚಿದ ಕಪ್ಪು ದೋಣಿ. ಬಟ್ಟೆ ಎರಡು ಪದರ. ಎರಡೂ ಬದಿಗೆ ದೋಣಿ ಕತ್ತರಿಸಿ ಕೂರಿಸಬೇಕು. ಕಚೇರಿಯವರು ಕೊಟ್ಟ ನಕ್ಷೆ ನೋಡಿ ಹರಿಣಾಕ್ಷಿ ಕನ್ನಡಕ ತೆಗೆದು ಒರೆಸಿಕೊಂಡರು. ದೋಣಿಯ ಮೂತಿ ಬಾವುಟದ ಕೋಲಿನ ಕಡೆಗಿತ್ತು. ಹಾಯಿ ಉಬ್ಬಿದ್ದೂ ಕೋಲಿನ ಕಡೆಗೇ.

“ಇದು ಹೇಗೆ ಮಾರಾಯ್ತಿ?” ಎಂದು ಚಂದ್ರಬಾಯಿಗೆ ತೋರಿಸಿದರು. ಚಂದ್ರಬಾಯಿ ಕಲಬುರಗಿ ಕಡೆಯವಳು, ಸಂಘದಲ್ಲಿ ಕತ್ತರಿ ಅವಳ ಕೈಯಲ್ಲಿ. “ಗಾಳಿ ಕೋಲಿನ ಕಡೆಯಿಂದ ಬಂದ್ರೆ ಅಲ್ವಾ ಬಾವುಟ ಈಚೆಗೆ ಹಾರುವುದು? ಅದೇ ಗಾಳಿಗೆ ಹಾಯಿ ಆಚೆಗೆ ಹೇಗೆ ಉಬ್ಬುತ್ತದೆ?”

“ನಮ್ಮೂರಾಗ ಕೆರಿ ಬಿಟ್ರ ನೀರೇ ಇಲ್ರಿ ಅಕ್ಕಾ. ದೋಣಿ ನಾ ಏನ್ ಬಲ್ಲೆ? ಕಾಗದದಾಗ ಹ್ಯಾಂಗದ ಹಾಂಗ ಕತ್ತರಸ್ತೀನಿ.”

“ಬೇಡ, ತಿರುಗಿಸಿ ಕತ್ತರಿಸು. ಬರೆದವರು ಕಡಲು ಕಂಡವರಲ್ಲ.”

ಹರಿಣಾಕ್ಷಿಯ ಅಪ್ಪ ಹಾಯಿದೋಣಿಯಲ್ಲಿ ಮೀನಿಗೆ ಹೋದವರು. ಹಾಯಿ ಉಬ್ಬಿದ ಕಡೆ ನೋಡಿ, ದೋಣಿ ಬರುತ್ತಿದೆಯೋ ಹೋಗುತ್ತಿದೆಯೋ ಎಂದು ದಡದ ಮಕ್ಕಳೆಲ್ಲ ಹೇಳುತ್ತಿದ್ದರು. ಹಾಗಾಗಿ ಕಚೇರಿಯಲ್ಲಿ ಒಂದು ಮಾತು ಕೇಳಬೇಕೆಂದು ಅವರಿಗೆ ತೋಚಲೇ ಇಲ್ಲ. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದಿದೆ ಎಂದುಕೊಂಡರು, ಅಷ್ಟೆ.

ಏಪ್ರಿಲ್ ಇಪ್ಪತ್ತೊಂಬತ್ತರಂದು ಗಂಟು ಹೊತ್ತು ಪಾಲಿಕೆಗೆ ಹೋದರು. ಸ್ಟೋರ್‌ಕೀಪರ್ ಸಾಹೇಬರು ನಕ್ಷೆಯನ್ನು ಬಾವುಟದ ಪಕ್ಕ ಇಟ್ಟು ನೋಡಿ, “ಬಾಯಿ, ದೋಣಿ ಉಲ್ಟಾ ಆಗಿದೆ” ಎಂದರು.

“ಉಲ್ಟಾ ಇರುವುದು ನಿಮ್ಮ ಕಾಗದದಲ್ಲಿ, ಸಾಹೇಬ್” ಎಂದು ಹರಿಣಾಕ್ಷಿ ಮರಾಠಿಯಲ್ಲೇ ಗಾಳಿಯ ವಿಷಯ ಬಿಡಿಸಿ ಹೇಳಿದರು.

ಸಾಹೇಬರು ಪೂರ್ತಿ ಕೇಳಿದರು. “ಇರಬಹುದು ತಾಯಿ. ಆದರೆ ಮಂಜೂರಾದದ್ದು ಇದು. ನಾಳೆ ಐದರೊಳಗೆ ಸರಿ ಮಾಡಿ ತನ್ನಿ, ಇಲ್ಲದಿದ್ದರೆ ನಾನು ಭಿವಂಡಿಗೆ ಫೋನ್ ಮಾಡಬೇಕಾಗುತ್ತದೆ.”

ಹೊರಗೆ ಸ್ಟೂಲಿನ ಮೇಲಿದ್ದ ಪ್ಯೂನ್ ಬಾಲಪ್ಪ ಎಲ್ಲ ಕೇಳಿಸಿಕೊಂಡಿದ್ದ. ವಿಜಯಪುರ ಕಡೆಯವನು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವನು ಕಪಾಟಿನಿಂದ ನುಸಿ ತಿಂದ ಹಳೆಯ ಬಾವುಟ ತಂದು ಬಿಡಿಸಿದ. ಅದರಲ್ಲೂ ದೋಣಿ ಕೋಲಿನ ಕಡೆಗೇ ಹೊರಟಿತ್ತು.

“ನೀವು ಹೇಳೂದು ಖರೇ ಅದರಿ ಬಾಯಾರ. ಆದ್ರ ಇದು ಬಾವುಟಕ್ಕಂತ ಬರದ ಚಿತ್ರ ಅಲ್ಲ. ಮೊದ್ಲ ಕಾಗದಕ್ಕ ಒತ್ತೋ ಶಿಕ್ಕಾಕ್ಕ ಬರದ್ರು. ಸಾಹೇಬ್ರ ಸಹಿಯ ಬಲಕ್ಕ ಶಿಕ್ಕಾ ಬೀಳತಿತ್ತು. ದೋಣಿ ಸಹಿಗಿ ಬೆನ್ನ ಮಾಡಬಾರ್ದಂತ ಎಡಕ್ಕ ತಿರಗಿಸಿದ್ರು. ಮುಂದ ಬಾವುಟ ಬೇಕಾತು, ಅದನ್ನ ಎತ್ತಿ ಅರಬಿ ಮ್ಯಾಲ ಇಟ್ರು. ಕಾಗದದಾಗ ಗಾಳಿ ಎಲ್ಲಿ ಬೀಸತದ್ರಿ?”

ಹರಿಣಾಕ್ಷಿ ಹಳೆಯ ಬಾವುಟ ಮಡಚಿ ಬಾಲಪ್ಪನ ಕೈಗೆ ಕೊಟ್ಟರು. ಗಂಟು ಎತ್ತಿಕೊಂಡು ಲೋಕಲ್ ರೈಲು ಹಿಡಿದು ಮನೆಗೆ ಬಂದರು.

“ನಾ ಅವತ್ತೇ ಹೇಳಿದ್ನಿ” ಎಂದು ಚಂದ್ರಬಾಯಿ ಸಿಡುಕಿದಳು. “ಈಗ ಇಪ್ಪತ್ನಾಕ ದೋಣಿ ಬಿಚ್ಚೂದಾ? ಬಿಳೇ ಅರಬ್ಯಾಗ ಸೂಜಿ ತೂತ ಕಾಣ್ತಾವ, ಮಾರಿ ಮ್ಯಾಲಿನ ಸಿಡುಬಿನಂಗ.”

ಅವಳು ಹೇಳಿದ್ದು ಸರಿಯೇ. ಹೊಸ ಬಟ್ಟೆ ತಂದು ಹೊಲಿಯಲು ಒಂದು ದಿನ ಸಾಲದು. ಮರುದಿನ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಒಂದು ಬಾವುಟವನ್ನು ಮಂಚದ ಮೇಲೆ ಹರಡಿ, ಹರಿಣಾಕ್ಷಿ ಅದರ ಅಂಚುಗಳನ್ನು ಬೆರಳಿನಿಂದ ಸವರುತ್ತ ಕುಳಿತರು. ಚಹಾ ಆರಿತು. ಹೆಂಗಸರೆಲ್ಲ ಬಂದು ಸೇರಿದ ಮೇಲೆ ತಲೆ ಎತ್ತಿದರು.

“ದೋಣಿ ಮುಟ್ಟುವುದು ಬೇಡ. ಕೋಲನ್ನೇ ಆಚೆ ಕೊಂಡುಹೋಗುವ.”

ಹಗ್ಗ ತೂರಿಸಲು ಒಂದು ಅಂಚಿಗೆ ದಪ್ಪ ಬಟ್ಟೆಯ ಪಟ್ಟಿ ಹೊಲಿದಿರುತ್ತಾರೆ. ಅದನ್ನು ಬಿಚ್ಚಿ ಎದುರಿನ ಅಂಚಿಗೆ ಹಾಕಿದರೆ ಮುಗಿಯಿತು: ದೋಣಿ ಇದ್ದಲ್ಲೇ ಇದ್ದು, ಎರಡೂ ಬದಿಯಿಂದ ಅದರ ಮೂತಿ ಕೋಲಿನ ಕಡೆಗಾಗುತ್ತದೆ. ಚಂದ್ರಬಾಯಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಬಾಯಿಗೆ ಸೆರಗು ಒತ್ತಿ ನಕ್ಕಳು. “ದೋಣಿ ತಿರಗಲಿಲ್ಲ, ಊರೇ ತಿರಗ್ತು ನೋಡ್ರಿ!”

ಪಟ್ಟಿಯ ನೂಲು ಕೀಳುತ್ತಿದ್ದ ಹರಿಣಾಕ್ಷಿಯ ಮಗಳು ದಿಶಾ ಮಾತ್ರ ನಗಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿ. “ತಪ್ಪು ಅಂತ ಗೊತ್ತಿದ್ದೂ ಮಾಡ್ತಿದ್ದೀಯಲ್ಲಮ್ಮಾ” ಎಂದಳು ಮರಾಠಿಯಲ್ಲಿ.

“ಕೇಳದೆ ತಿರುಗಿಸಿದ್ದು ನನ್ನ ತಪ್ಪು. ಇಡೀ ಊರಿನ ಬಾವುಟ ಅದು, ನನ್ನ ರವಿಕೆಯಾ? ನೀನು ಚಂದದ ಅಕ್ಷರದಲ್ಲಿ ಒಂದು ಅರ್ಜಿ ಬರೆ. ಕೇಳಿಯೇ ತಿರುಗಿಸುವ.”

ಮೂರು ಗಂಟೆಗೆ ಹನ್ನೆರಡೂ ಮುಗಿದವು. ಸ್ಟೋರ್‌ಕೀಪರ್ ಸಾಹೇಬರು ಒಂದೊಂದನ್ನೂ ನಕ್ಷೆಗೆ ಹಿಡಿದು ನೋಡಿ ಒಳಗಿಟ್ಟರು. ಆಮೇಲೆ ದಿಶಾ ಬರೆದ ಅರ್ಜಿ ಓದಿದರು.

“ಇದಕ್ಕೆ ಮಹಾಸಭೆಯ ಠರಾವು ಬೇಕು ತಾಯಿ. ವರ್ಷಗಟ್ಟಲೆ ಹಿಡಿಯುತ್ತದೆ.”

“ಹಿಡಿಯಲಿ ಸಾಹೇಬ್. ಅಲ್ಲಿಯವರೆಗೆ ಹೊಲಿಯುವವರು ಯಾರು, ಅದೊಂದು ಹೇಳಿಬಿಡಿ.”

ಸಾಹೇಬರು ರಿಜಿಸ್ಟರ್ ತೆಗೆದು ಸಂಘದ ಹೆಸರು ಬರೆದುಕೊಂಡರು.

2015ರವರೆಗೂ ಆ ಪಾಲಿಕೆಯ ಬಾವುಟಗಳನ್ನು ಈ ಆರು ಮಂದಿಯೇ ಹೊಲಿದರು, ನಕ್ಷೆಯಲ್ಲಿದ್ದಂತೆಯೇ. ಪ್ರತಿ ಏಪ್ರಿಲ್‌ನಲ್ಲಿ ಗಂಟಿನ ಜೊತೆ ಒಂದು ಅರ್ಜಿಯೂ ಹೋಗುತ್ತಿತ್ತು. ಉತ್ತರ ಬಂದದ್ದು ಒಮ್ಮೆ ಮಾತ್ರ, 2011ರಲ್ಲಿ: ವಿಷಯ ಪರಿಶೀಲನೆಯಲ್ಲಿದೆ. ಹರಿಣಾಕ್ಷಿ ಆ ಕಾಗದವನ್ನು ದೇವರ ಪಟಗಳ ಕೆಳಗಿನ ಖಾನೆಯಲ್ಲಿಟ್ಟು, ಆ ವರ್ಷದ ಬಿಳಿ ಬಟ್ಟೆ ಅಳೆಯಲು ಕುಳಿತರು.