ಆಷಾಢದ ಅರ್ಧ ದರ ಮತ್ತು ನಿಂತುಹೋದ ಚಕ್ರ

ಎರಡು ವರ್ಷಗಳ ಹಿಂದಿನ ಆಷಾಢ. ಗಜೇಂದ್ರಗಡದಿಂದ ರಾಜೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿರುವ ಒಂದು ಸಣ್ಣ ಮನರಂಜನಾ ಪಾರ್ಕಿನಲ್ಲಿ ನಾನು ಸುರಕ್ಷತೆ ಮತ್ತು ನಿರ್ವಹಣಾ ಎಂಜಿನಿಯರ್ ಆಗಿದ್ದೆ. ಈಗಲೂ ಅದೇ ಹುದ್ದೆಯಲ್ಲಿದ್ದೇನೆ. ನರೇಗಲ್ಲಿನ ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಯಾವ ಮಾತನ್ನಾದರೂ ಆಡುವ ಮೊದಲು ಎರಡು ಸಲ ಯೋಚಿಸುವ ಅಭ್ಯಾಸ ನನಗಿದೆ. ಈ ಬರಹದಲ್ಲಿಯೂ ಹಾಗೆಯೇ ಮಾಡಿದ್ದೇನೆ.

ನಮ್ಮಲ್ಲಿ ಜನ ತುಂಬುವುದು ಬೇಸಿಗೆ ರಜೆಯಲ್ಲಿ ಮತ್ತು ದೀಪಾವಳಿಯ ಆಸುಪಾಸಿನಲ್ಲಿ. ಆಷಾಢದಲ್ಲಿ ಪಾರ್ಕ್ ಮುಚ್ಚಿರುವುದು ವಾಡಿಕೆ. ಆ ವರ್ಷ ಮ್ಯಾನೇಜರರು ಅದನ್ನು ತೆರೆದಿಡಲು ನಿರ್ಧರಿಸಿದರು. ಅವರ ಲೆಕ್ಕಾಚಾರದಲ್ಲಿ ಅರ್ಥವಿತ್ತು. ಬಿತ್ತನೆ ಮುಗಿದಿರುತ್ತದೆ, ಮದುವೆಗಳಿರುವುದಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಮನೆ ತುಂಬ ಜನ, ಕೈಯಲ್ಲಿ ಒಂದಿಷ್ಟು ಬಿಡುವು. ಟಿಕೆಟ್ ಅರ್ಧ ದರವೆಂದು ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಬ್ಯಾನರ್ ಕಟ್ಟಿಸಿದರು.

ಇದರಿಂದ ಕುಟುಂಬಗಳಿಗೆ ಲಾಭವಿತ್ತೇ ಎಂದರೆ, ಇತ್ತು. ಸಾಲಿನಲ್ಲಿ ನಿಲ್ಲಬೇಕಿರಲಿಲ್ಲ. ಮಕ್ಕಳು ಪುಟಾಣಿ ರೈಲಿನಲ್ಲಿ ಮನಸ್ಸಿಗೆ ಬಂದಷ್ಟು ಸುತ್ತು ಹಾಕಬಹುದಿತ್ತು. ನೀರಿನ ಆಟಗಳು ಮುಚ್ಚಿದ್ದವು, ಕ್ಯಾಂಟೀನಿನಲ್ಲಿ ಚಹಾ ಮತ್ತು ಮಿರ್ಚಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಬರುವವರಿಗೆ ಅದೊಂದು ಕೊರತೆಯಲ್ಲ. ಆದರೆ ಬ್ಯಾನರಿನಲ್ಲಿ ಬರೆಯದ ಒಂದು ಸಂಗತಿಯೂ ಇತ್ತು. ಟಿಕೆಟ್ಟಿನಂತೆ ಸಿಬ್ಬಂದಿಯೂ ಅರ್ಧವಾಗಿತ್ತು. ಜನರೇಟರ್ ನೋಡಿಕೊಳ್ಳುವ ಮೆಕ್ಯಾನಿಕನನ್ನು ತಿಂಗಳ ಮಟ್ಟಿಗೆ ಬಿಡುವು ಕೊಟ್ಟು ಕಳಿಸಲಾಗಿತ್ತು. ಆತ ನರಗುಂದದಲ್ಲಿ ಬೇರೆ ಕೆಲಸ ಹಿಡಿದಿದ್ದ.

ನಮ್ಮ ಪಾರ್ಕಿನ ಮುಖ್ಯ ಆಕರ್ಷಣೆ ಜೈಂಟ್ ವೀಲ್. ಅದರ ತೊಟ್ಟಿಲುಗಳಲ್ಲಿ ಎತ್ತರಕ್ಕೆ ಹೋದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಎದುರಿಗೇ ತಿರುಗುವಂತೆ ಕಾಣುತ್ತವೆ. ಇದನ್ನು ನಡೆಸುವವರು ಮಕಬೂಲ್‌ಸಾಬರು, ಐವತ್ತು ದಾಟಿದವರು. ನಾನು ಅವರನ್ನು ಚಾಚಾ ಎಂದೇ ಕರೆಯುತ್ತೇನೆ. ಈ ಯಂತ್ರದ ಒಂದು ನಿಯಮವನ್ನು ಇಲ್ಲಿ ವಿವರಿಸಬೇಕು. ಚಕ್ರವೆಂದರೆ ಒಂದು ತಕ್ಕಡಿ. ಒಂದು ತೊಟ್ಟಿಲಲ್ಲಿ ಜನ ಕುಳಿತರೆ ಅದರ ಎದುರು ದಿಕ್ಕಿನ ತೊಟ್ಟಿಲಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಭಾರ ಇರಬೇಕು. ಜನ ಕಿಕ್ಕಿರಿದಿರುವ ದಿನಗಳಲ್ಲಿ ಇದನ್ನು ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಏಕೆಂದರೆ ಎಲ್ಲ ತೊಟ್ಟಿಲುಗಳೂ ತುಂಬಿರುತ್ತವೆ. ಜನವಿಲ್ಲದ ದಿನವೇ ಇದು ತೊಡಕಾಗುವುದು.

ಆ ದಿನ ಚಿಕ್ಕನರಗುಂದದಿಂದ ಒಂದು ಒಕ್ಕಲುತನದ ಮನೆಯವರು ಬಂದಿದ್ದರು. ಹಿರಿಯರು ನೀಲವ್ವ, ಅವರ ಮಗ ಬಸವರಾಜ, ತವರಿಗೆ ಬಂದ ಹೆಣ್ಣುಮಕ್ಕಳು, ಸೊಸೆ, ಮೊಮ್ಮಕ್ಕಳು. ಬಸವರಾಜ ಚಕ್ರ ಹತ್ತಲಿಲ್ಲ. ರೊಟ್ಟಿಯ ಗಂಟು ಮತ್ತು ಎಲ್ಲರ ಚಪ್ಪಲಿಗಳನ್ನು ಕಾಯುತ್ತ ಬೇಲಿಯ ಹೊರಗೆ ನಿಂತ. ಆತನ ತಂಗಿ ನಮಗೆ ಕೇಳಿಸುವಂತೆಯೇ ಹೇಳಿದಳು: “ನಮ್ಮಣ್ಣಗ ಮಾಳಗಿ ಏರಾಕೂ ಅಂಜಿಕಿ. ಅದಕ್ಕ ಚಪ್ಪಲಿ ಕಾಯಾಕ ಹಚ್ಚೇವ್ರಿ.”

ಮಕಬೂಲ್‌ಸಾಬರು ರೂಢಿಯಂತೆ ಅವರನ್ನು ಚಕ್ರದ ಸುತ್ತ ಹಂಚಿ ಕೂರಿಸಲು ಹೊರಟರು. ನೀಲವ್ವ ಹತ್ತಿದ ಮೆಟ್ಟಿಲಿನಿಂದ ಕೆಳಗಿಳಿದುಬಿಟ್ಟರು.

“ನಾವೇನ್ ಬ್ಯಾರೆ ಆಗೇವೇನ್ರಿ? ಒಂದ ಮನಿ ಮಂದಿನ್ನ ದಿಕ್ಕಿಗೊಬ್ಬರಂಗ ಕುಂದರಸ್ತೀರಲ್ಲ.”

ನಮ್ಮ ಕಡೆ ಬೇರೆಯಾಗುವುದೆಂದರೆ ಒಲೆ ಎರಡಾಗುವುದು, ಹೊಲ ಪಾಲಾಗುವುದು. ಮಗಳು ತವರಿಗೆ ಬಂದ ತಿಂಗಳಿನಲ್ಲಿ ಆ ಮಾತನ್ನು ಯಾರೂ ತಮಾಷೆಗಾಗಿ ಆಡುವುದಿಲ್ಲ. ಚಾಚಾ ನನ್ನ ಮುಖ ನೋಡಿದರು. ಗಾಳಿಯ ವೇಗ ಮಿತಿಯೊಳಗಿತ್ತು, ಪಾರ್ಕಿನಲ್ಲಿ ಬೇರೆ ಜನರಿರಲಿಲ್ಲ. ಒಂದೇ ಸುತ್ತಿಗೆ ಏನಾದೀತು ಎಂದುಕೊಂಡು ನಾನು ತಲೆಯಾಡಿಸಿದೆ. ಹತ್ತು ಜನ ಅಕ್ಕಪಕ್ಕದ ಮೂರು ತೊಟ್ಟಿಲುಗಳಲ್ಲಿ ಕುಳಿತರು. ನಡುವಿನದರಲ್ಲಿ ನೀಲವ್ವ ಮತ್ತು ಬಸವರಾಜನ ನಾಲ್ಕು ವರ್ಷದ ಮಗಳು.

ಆ ಮೂರು ತೊಟ್ಟಿಲುಗಳು ನೆತ್ತಿಯನ್ನು ದಾಟಿ ಇನ್ನೇನು ಇಳಿಯತೊಡಗಬೇಕು, ಆಗ ಕರೆಂಟ್ ಹೋಯಿತು.

ಕರೆಂಟ್ ಹೋದರೆ ಬ್ರೇಕ್ ತಾನಾಗಿ ಬಿಗಿಯುತ್ತದೆ. ಆದ್ದರಿಂದ ಮೊದಲಿಗೆ ನನಗೆ ಗಾಬರಿಯಾಗಲಿಲ್ಲ. ಜನರೇಟರ್ ಕೋಣೆಗೆ ಓಡಿದೆ. ಬ್ಯಾಟರಿ ಸತ್ತಿತ್ತು. ನರಗುಂದದಲ್ಲಿದ್ದ ಮೆಕ್ಯಾನಿಕನಿಗೆ ಫೋನ್ ಮಾಡಿದೆ. ಆತ ಕೂಡಲೇ ಹೊರಟ, ಆದರೆ ದಾರಿ ದೂರ. ಅಗ್ನಿಶಾಮಕ ದಳಕ್ಕೂ ತಿಳಿಸಿದೆ. ಅವರೂ ಹೊರಟರು, ಅಷ್ಟು ಎತ್ತರದ ಏಣಿ ಮಾತ್ರ ಬೇರೆ ಊರಿನಿಂದ ಬರಬೇಕೆಂದರು. ಕಾಯುವುದೇ ಸರಿ ಎಂದು ನಾನು ತೀರ್ಮಾನಿಸುತ್ತಿದ್ದಾಗ ಚಾಚಾ ಕರೆದರು. ಅವರ ದನಿ ಬಹಳ ಸಣ್ಣದಾಗಿತ್ತು.

“ಮೇಡಂ, ಲಗೂ ಬರ್ರಿ. ಇದು ಜಾರಾಕತ್ತೈತಿ.”

ಚಕ್ರದ ಅಂಚಿಗೂ ಕಂಬಕ್ಕೂ ಸೇರುವಂತೆ ಅವರು ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದಿದ್ದರು. ಈಗ ಅಂಚಿನ ಗೆರೆ ಕಂಬದ ಗೆರೆಯಿಂದ ಒಂದು ಗೇಣು ಕೆಳಗಿತ್ತು. ನಾನು ನೋಡುತ್ತಿದ್ದಂತೆ ಗಾಳಿ ಜೋರಾಗಿ ಬೀಸಿತು. ಗೆರೆ ಮತ್ತೆ ನಾಲ್ಕು ಬೆರಳು ಸರಿಯಿತು. ಅಂಥ ಒಮ್ಮುಖ ಭಾರವನ್ನು ಹಿಡಿಯಲು ಆ ಬ್ರೇಕ್ ಮಾಡಿದ್ದಲ್ಲ. ಅದು ಪೂರ್ತಿ ಬಿಟ್ಟುಕೊಟ್ಟರೆ ಹತ್ತು ಜನರ ಭಾರ ಒಮ್ಮೆಗೇ ಕೆಳಗೆ ನುಗ್ಗುತ್ತದೆ, ತೊಟ್ಟಿಲುಗಳು ಕಂಬಿಗೆ ಬಡಿಯುತ್ತವೆ. ಮೇಲೆ ಮಗು ಅಳುತ್ತಿತ್ತು.

ಬಸವರಾಜನ ತಂಗಿಯ ಹತ್ತಿರ ಫೋನ್ ಇತ್ತು. ಆತನಿಂದ ನಂಬರ್ ಪಡೆದು ಕರೆ ಮಾಡಿದೆ. ಅದನ್ನು ಪಕ್ಕದ ತೊಟ್ಟಿಲಿನಿಂದ ಜೋರು ಸದ್ದಿನಲ್ಲಿ ಹಿಡಿದಳು. ನೀಲವ್ವ ಕೂಗಿ ಕೇಳಿದರು:

“ಯವ್ವಾ, ಖರೇ ಹೇಳು. ನಮ್ಮನ್ನ ಇಳಸ್ತೀಯೋ ಇಲ್ಲೋ?”

“ಇಳಸ್ತೀನ್ರಿ ಅಮ್ಮಾರ. ಬಾಗಲಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ.”

ಹೇಗೆ ಇಳಿಸುವುದೆಂದು ಆ ಕ್ಷಣ ನನಗೆ ಗೊತ್ತಿರಲಿಲ್ಲ. ಹೇಳಿದ ಮೇಲೆ ಯೋಚಿಸಿದೆ. ಕೆಳಗೆ ನಿಂತಿರುವ ಖಾಲಿ ತೊಟ್ಟಿಲುಗಳಲ್ಲಿ ಭಾರ ಹಾಕಿದರೆ ತಕ್ಕಡಿ ಸ್ವಲ್ಪ ಸಮವಾಗುತ್ತದೆ, ಬ್ರೇಕ್ ಹಿಡಿಯುತ್ತದೆ. ಆಮೇಲೆ ಬ್ರೇಕಿನ ಹಿಡಿಕೆಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಚಕ್ರವನ್ನು ಕೈಯಿಂದ ಹಿಡಿದು ಇಳಿಸಬಹುದು. ಕ್ಯಾಂಟೀನಿನಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳಿದ್ದವು. ಬೇಸಿಗೆಯಲ್ಲಾದರೆ ಗೋಡೆಯುದ್ದಕ್ಕೂ ಇರುತ್ತವೆ. ಅಂದು ತುಂಬಿದ್ದವು ಎಂಟೇ. ಅವು ಎರಡು ತೊಟ್ಟಿಲುಗಳಿಗಾದವು. ಗೇಟಿನ ಹತ್ತಿರ ಕಾಂಪೌಂಡಿಗೆಂದು ತಂದ ಕಲ್ಲುಗಳ ರಾಶಿ ಇತ್ತು, ಆದರೆ ಹೊತ್ತು ತರಲು ಕೈಗಳಿರಲಿಲ್ಲ. ಚಾಚಾ ಬ್ರೇಕ್ ಬಿಡುವಂತಿರಲಿಲ್ಲ. ಟಿಕೆಟ್ ಕೊಡುವ ಹುಡುಗಿ ಮತ್ತು ಕಾವಲುಗಾರ ಚಕ್ರದ ಅಂಚು ಹಿಡಿಯಬೇಕಿತ್ತು. ಅಂದು ಪಾರ್ಕಿನಲ್ಲಿದ್ದ ಸಿಬ್ಬಂದಿ ಅಷ್ಟೇ. ಗೆರೆ ಮತ್ತೆ ಸರಿದಿತ್ತು.

ಮೂರನೆಯ ತೊಟ್ಟಿಲಲ್ಲಿ ನಾನು ಕೂರುತ್ತೇನೆ ಎಂದೆ. ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೇಡಂ, ನೀವು ಎರಡು ಕ್ಯಾನ್ ಆದರೆ ಹೆಚ್ಚು ಎಂದರು. ಅಷ್ಟರಲ್ಲಿ ಬಸವರಾಜ ಬೇಲಿ ದಾಟಿ ಒಳಗೆ ಬಂದಿದ್ದ.

“ಅಕಿ ನನ್ನ ಮಗಳ್ರಿ. ನಾ ಕುಂದರ್ತೀನಿ.”

ಪಾರ್ಕಿಗೆ ಬಂದವರನ್ನು ಅಪಾಯಕ್ಕೆ ಒಡ್ಡುವಂತಿಲ್ಲ ಎಂಬುದು ನಿಯಮ. ಅದನ್ನು ಹೇಳಿ, ಅದೂ ಅಲ್ಲದೆ ನೀವು ಎತ್ತರಕ್ಕೆ ಅಂಜುತ್ತೀರಂತಲ್ಲ ಎಂದೆ.

“ಅಂಜತೀನ್ರಿ. ಅಂಜಿದ್ರ ತೂಕ ಕಮ್ಮಿ ಆಗತೈತೇನು?”

ಇಬ್ಬರೂ ಕುಳಿತು ಬಾಗಿಲು ಹಾಕಿಕೊಂಡೆವು. ಚಾಚಾ ಬಿಸ್ಮಿಲ್ಲಾ ಅಂದದ್ದು ಕೇಳಿಸಿತು. ಹಿಡಿಕೆ ಸಡಿಲವಾಯಿತು. ಕಬ್ಬಿಣ ಒಮ್ಮೆ ನರಳಿತು, ನಾವು ಮೇಲೇರತೊಡಗಿದೆವು. ಬಸವರಾಜ ಕಣ್ಣು ಮುಚ್ಚಿ ನಡುವಿನ ಸರಳನ್ನು ಎರಡೂ ಕೈಯಿಂದ ತಬ್ಬಿದ್ದ. ಚಕ್ರ ಹೋಗುವುದು, ನಿಲ್ಲುವುದು, ಮತ್ತೆ ಹೋಗುವುದು. ಪ್ರತಿ ಸಲ ನಿಂತಾಗಲೂ ಬ್ರೇಕ್ ಹಿಡಿಯಿತೋ ಜಾರುತ್ತಿದೆಯೋ ಎಂದು ನಾನು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಎಂಜಿನಿಯರಿಂಗಿನ ನಾಲ್ಕು ವರ್ಷಗಳಲ್ಲಿ ಕಲಿತ ಒಂದು ಸೂತ್ರವೂ ನೆನಪಿಗೆ ಬರಲಿಲ್ಲ.

ನಾವು ನೆತ್ತಿಯ ಹತ್ತಿರ ತಲುಪಿದಾಗ ಅವರ ಮೊದಲ ತೊಟ್ಟಿಲು ಕೆಳಗೆ ಮುಟ್ಟಿತು. ನಂತರ ನಡುವಿನದು. ಮಗುವನ್ನು ಟಿಕೆಟ್ ಹುಡುಗಿ ಎತ್ತಿ ಕೆಳಗಿಳಿಸಿದಳು. ನಿಮ್ಮ ಮಗಳು ಇಳಿದಳು ಎಂದು ನಾನು ಹೇಳಿದೆ. ಬಸವರಾಜ ಆಗಲೂ ಕಣ್ಣು ತೆರೆಯಲಿಲ್ಲ. ಗಲ್ಲದ ಮೇಲೆ ನೀರು ಮಾತ್ರ ಇಳಿಯಿತು. ಕೊನೆಗೆ ಮೂರನೆಯ ತೊಟ್ಟಿಲಿನವರೂ ಇಳಿದರು.

ಒಂದು ಅಪಾಯ ನನಗೆ ಮೊದಲೇ ಗೊತ್ತಿತ್ತು, ಆತನಿಗೆ ಹೇಳಿರಲಿಲ್ಲ. ಅವರು ಇಳಿದಷ್ಟೂ ಕೆಳಗಿನ ಭಾರ ಕಡಿಮೆಯಾಗುತ್ತದೆ. ಈಗ ಒಮ್ಮುಖ ಭಾರ ನಾವೇ. ಗಾಳಿ ಬೀಸಿತು, ತೊಟ್ಟಿಲು ತೂಗಿತು, ಇಡೀ ಚಕ್ರ ಒಂದಿಷ್ಟು ಜಾರಿ ನಿಂತಿತು. ಕೆಳಗೆ ಖಾಲಿಯಾದ ತೊಟ್ಟಿಲುಗಳಿಗೆ ಕಲ್ಲು ಹಾಕಿರೆಂದು ಕೂಗಿದೆ. ಗಾಳಿಯಲ್ಲಿ ಅದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಆಗ ನೀಲವ್ವನ ದನಿ ಸ್ಪಷ್ಟವಾಗಿ ಮೇಲಕ್ಕೆ ಬಂತು.

“ಎಲ್ಲಾರೂ ಕಲ್ಲ ತರ್ರಿ. ಅಳೂದು ಮನಿಗೆ ಹೋಗಿ ಅಳೋಣಂತ.”

ಆಗಷ್ಟೇ ಜೀವ ಉಳಿಸಿಕೊಂಡು ಇಳಿದ ಹೆಣ್ಣುಮಕ್ಕಳು ಸೆರಗು ಬಿಗಿದು ಗೇಟಿನ ಕಡೆಗೆ ಓಡಿದರು. ಬರಿಗಾಲಲ್ಲಿ ಓಡಿ, ಒಬ್ಬರ ಕೈಯಿಂದ ಒಬ್ಬರ ಕೈಗೆ ಕಲ್ಲು ದಾಟಿಸಿದರು. ಚಾಚಾ ಸಾಕೆನ್ನುವವರೆಗೆ ಹಾಕಿದರು. ಚಕ್ರ ಸ್ತಬ್ಧವಾಯಿತು. ಆಗ ಬಸವರಾಜ ಮೊದಲ ಸಲ ಕಣ್ಣು ತೆರೆದು, ನನ್ನನ್ನಷ್ಟೇ ನೋಡುತ್ತ, ಕೇಳಿದ:

“ಮೇಡಮ್ಮಾರ, ಒಂದ ಮಾತ ಕೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಈ ಆಷಾಢದಾಗ ನಿಮ್ಮ ಮನಿ ಮಂದಿನ್ನ ನೀವು ಇದರಾಗ ಕುಂದರಸ್ತಿದ್ರೇನು?”

“ಇಲ್ರಿ,” ಎಂದೆ.

“ಮತ್ತ ಅದನ್ನ ಗೇಟಿನ್ಯಾಗ ಹೇಳಬೇಕಿತ್ತಲ್ರಿ.”

ಅಷ್ಟೇ. ಆತ ಮತ್ತೆ ಕಣ್ಣು ಮುಚ್ಚಿಕೊಂಡ. ಚಾಚಾ ಹಿಡಿಕೆ ಸಡಿಲಿಸುತ್ತ, ಉಳಿದವರು ಅಂಚು ಹಿಡಿಯುತ್ತ ನಮ್ಮನ್ನೂ ಹಾಗೆಯೇ ಇಳಿಸಿದರು. ನಾವು ಕೆಳಗಿಳಿದ ಮೇಲೆ ನೀಲವ್ವ ಮಗನ ಬೆನ್ನಿಗೆ ಒಂದು ಗುದ್ದು ಹಾಕಿ, ನನ್ನ ಕೈಗೆ ರೊಟ್ಟಿ ಮುರಿದು ಕೊಟ್ಟರು. ಮೆಕ್ಯಾನಿಕ್ ಮತ್ತು ಅಗ್ನಿಶಾಮಕ ದಳದವರು ಬಂದು ಮುಟ್ಟಿದ್ದು ಆಮೇಲೆ.

ಆ ವಾರ ಮ್ಯಾನೇಜರರ ಮುಂದೆ ಕುಳಿತು ನಡೆದದ್ದೆಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಹಾಗಾದರೆ ನಿಮ್ಮ ತಾಯಿಯವರನ್ನು ಕರೆತರಬೇಕೆಂದರೆ ಇಲ್ಲಿ ಏನೇನು ಇರಬೇಕು ಎಂದು ಕೇಳಿದರು. ಬ್ರೇಕ್ ಬದಲಾಗಬೇಕು, ಮೆಕ್ಯಾನಿಕ್ ಜಾಗದಲ್ಲಿರಬೇಕು, ಖಾಲಿ ತೊಟ್ಟಿಲುಗಳಿಗೆ ಮರಳಿನ ಚೀಲ ಬೇಕು, ಗಾಳಿ ಎದ್ದರೆ ಚಕ್ರ ನಿಲ್ಲಿಸುವ ಅಧಿಕಾರ ನನಗೆ ಬೇಕು ಎಂದೆ. ಅದಕ್ಕೆ ತಗಲುವ ವೆಚ್ಚದಲ್ಲಿ ಅರ್ಧ ದರ ಉಳಿಯಲಿಲ್ಲ. ಮರುವರ್ಷದ ಆಷಾಢದಲ್ಲಿ ಮುಕ್ಕಾಲು ದರಕ್ಕೆ, ಭಾನುವಾರ ಮಾತ್ರ ತೆರೆದೆವು. ಇಂದು ಯಾವುದು ಮುಚ್ಚಿದೆ, ಏಕೆ ಮುಚ್ಚಿದೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿಸುತ್ತೇವೆ. ಕೆಲವರು ಗೊಣಗುತ್ತ ತಿರುಗಿ ಹೋಗುತ್ತಾರೆ.

ಅಂಥದೊಂದು ಭಾನುವಾರ ನರೇಗಲ್ಲಿನಿಂದ ಅವ್ವನನ್ನು ಕರೆತಂದೆ. ಮಗಳು ಮಾಡುವ ಕೆಲಸವೇನೆಂದು ಆಕೆ ಅದುವರೆಗೆ ಕಣ್ಣಾರೆ ನೋಡಿರಲಿಲ್ಲ. ಚಕ್ರವನ್ನು ತಲೆಯೆತ್ತಿ ನೋಡಿದಳು. ದರವೆಷ್ಟೆಂದು ಕೇಳಲಿಲ್ಲ, ಮೇಲಿನಿಂದ ಏನು ಕಾಣುತ್ತದೆ ಎಂದೂ ಕೇಳಲಿಲ್ಲ.

“ಇದು ನಡುವ ನಿಂತ್ರ ಇಳಸಾವ್ರು ಯಾರು?”

ನಾನು ಜನರೇಟರ್ ಕೋಣೆಯ ಬಾಗಿಲಲ್ಲಿದ್ದ ಮೆಕ್ಯಾನಿಕನನ್ನು ತೋರಿಸಿದೆ, ಚಾಚಾರನ್ನು ತೋರಿಸಿದೆ. ಆಮೇಲೆ ನಾನು ಎಂದೆ. ಅವ್ವ ಮೂವರನ್ನೂ ಒಮ್ಮೆ ನೋಡಿ ಹೋಗಿ ಕುಳಿತಳು. ಆಕೆ ಸುತ್ತು ಮುಗಿಸಿ ಇಳಿಯುವವರೆಗೂ ನಾನು ಬ್ರೇಕಿನ ಹಿಡಿಕೆಯಿಂದ ಕಣ್ಣು ತೆಗೆಯಲಿಲ್ಲ. ಈ ಹೆದರಿಕೆ ಹೋಗಬೇಕೆಂದು ಈಗ ನಾನು ಬಯಸುವುದಿಲ್ಲ.

ಜನವಿಲ್ಲದ ದಿನಗಳಲ್ಲಿ ಕಡಿಮೆ ದರಕ್ಕೆ ಇಂಥ ಜಾಗಗಳಿಗೆ ಹೋಗುವುದು ಲಾಭವೋ ಎಂದು ಪರಿಚಿತರು ನನ್ನನ್ನು ಆಗಾಗ ಕೇಳುತ್ತಾರೆ. ಅವಶ್ಯವಾಗಿ ಹೋಗಿ, ಮಕ್ಕಳಿಗೆ ಅಂಥ ದಿನವೇ ಚೆನ್ನ ಎನ್ನುತ್ತೇನೆ. ಆದರೆ ಹಣ ಕೊಡುವ ಮೊದಲು ನಮ್ಮವ್ವ ಕೇಳಿದ ಪ್ರಶ್ನೆಯನ್ನು ಕೇಳಿ. ಎದುರಿಗಿರುವವರು ಬೆರಳು ಮಾಡಿ ಮನುಷ್ಯರನ್ನು ತೋರಿಸಿದರೆ ಟಿಕೆಟ್ ಕೊಳ್ಳಿ. ಬ್ಯಾನರ್ ತೋರಿಸಿದರೆ, ಬುತ್ತಿಯನ್ನು ಹೊರಗಿನ ಬೇವಿನ ಮರದ ಕೆಳಗೆ ಬಿಚ್ಚಿ ಉಂಡು ಮನೆಗೆ ಹೋಗಿ.