ಕಿಟಕಿಯ ಬಳಿ ನಿಲ್ಲುವ ಯಂತ್ರ

ಆರುಚ್ಚಾಮಿಯವರು ಹಾವು ಹಿಡಿಯುವವರೆಂದು ನಾನು ಬಹಳ ದಿನ ನಂಬಿದ್ದೆ. ಸೋಮನೂರಿನ ಬಸ್ಸಿನಲ್ಲಿ ಹಳದಿ ಬಟ್ಟೆಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಚೀಲದ ಬಾಯಿಂದ ಕಪ್ಪಗೆ, ಸುರುಳಿಯಾಗಿ ಏನೋ ಇಣುಕುತ್ತಿತ್ತು. ಯಾರದಾದರೂ ಮೊಣಕೈ ತಾಗಿದರೆ, "ಸ್ವಲ್ಪ ಸರಿದು ಕೂತ್ಕೊಳ್ಳಿ, ಒತ್ತಿದ್ರೆ ಅದಕ್ಕೆ ಆಗಲ್ಲ" ಎನ್ನುತ್ತಿದ್ದರು. ನಾನು ಎರಡು ಸೀಟು ಸರಿದು ಕೂರುತ್ತಿದ್ದೆ.

ಅವರು ನೂಲಿನ ಗಿರಣಿಯೊಂದರ ಎಲೆಕ್ಟ್ರಿಕಲ್ ಫೋರ್‌ಮನ್. ಗಿರಣಿಯ ಯಂತ್ರಗಳಿಗೆಲ್ಲ ಸೆನ್ಸರ್ ಎಂಬ ಪುಟ್ಟ ಕಣ್ಣುಗಳಿವೆ. ಕಣ್ಣು ಕಂಡದ್ದನ್ನು ಯಂತ್ರಕ್ಕೆ ಮುಟ್ಟಿಸುವ ಕೇಬಲ್ಲುಗಳನ್ನು ಕೊಯಮತ್ತೂರೆಲ್ಲ ಅಲೆದು ಆರಿಸಿ ತರುವುದು ಇವರ ಕೆಲಸ. ಅಂಗಡಿಯಲ್ಲಿ ಕೇಬಲ್ಲನ್ನು ಉಗುರಿನಿಂದ ಗೀರುವರು, ಮೂಸುವರು, ಬೆರಳಿಗೆ ಸುತ್ತಿ ಬಿಡುವರು, ತುದಿ ಸುಲಿದು ತಾಮ್ರದ ಎಳೆ ಎಣಿಸುವರು. ಆಮೇಲೆ ಹೆಣ್ಣು ನೋಡಲು ಬಂದ ಬೀಗರಂತೆ ಮುಖ ಗಂಟಿಕ್ಕಿ, "ಇರಲಿ, ಬೆಲೆ ಹೇಳಿ" ಎನ್ನುವರು.

ಹೋದ ವರ್ಷ ಹತ್ತಿ ಕೀಳುವ ಯಂತ್ರಕ್ಕೆ ಕೇಬಲ್ ಬೇಕಾಯಿತು. ಸಾಲಾಗಿಟ್ಟ ಹತ್ತಿಯ ಮೂಟೆಗಳ ಮೇಲೆ ಆ ತುದಿಯಿಂದ ಈ ತುದಿಗೆ ದಿನವಿಡೀ ಓಡಾಡುತ್ತ ಎಳೆಎಳೆಯಾಗಿ ಹತ್ತಿ ಕೀಳುವ ಗೋಪುರದಂಥ ಯಂತ್ರ ಅದು. ಟೌನ್‌ಹಾಲ್ ಬಳಿ ಅಂಗಡಿ ಇಟ್ಟಿದ್ದ ಮುದುಕರೊಬ್ಬರು ಒಂದು ಮಾತು ಕೇಳಿದರು.

"ಸುಮ್ನೆ ಬಿದ್ದಿರೋ ಜಾಗಕ್ಕೋ, ಓಡಾಡೋ ಜಾಗಕ್ಕೋ, ಸಾಮಿ?"

"ಕೇಬಲ್ ಯಾಕೆ ಓಡಾಡುತ್ತೆ? ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ."

"ಮಿಷನ್ ಓಡಾಡಿದ್ರೆ ಅದೂ ಓಡಾಡ್ಬೇಕಲ್ಲ. ಅದಕ್ಕೆ ಬೇರೆ ಇದೆ. ಸಣ್ಣ ಎಳೆ, ಜಾಸ್ತಿ ಎಳೆ. ಬೆಲೆ ಮೂರು ಪಟ್ಟು."

ಮೂರು ಪಟ್ಟು ಎಂಬುದು ಆರುಚ್ಚಾಮಿಯವರ ಕಿವಿಗೆ ಬಿದ್ದ ಮೇಲೆ ಉಳಿದದ್ದು ಬೀಳಲಿಲ್ಲ. ಕೈಯಲ್ಲಿದ್ದ ಕೇಬಲ್ಲಿನ ಎಳೆಗಳು ಕಡಿಮೆ, ದಪ್ಪ. ಅದು ಅವರಿಗೆ ಕಾಣಲಿಲ್ಲವೆಂದಲ್ಲ. ಅಂಗಡಿಯವರಿಂದ ಪಾಠ ಹೇಳಿಸಿಕೊಳ್ಳುವ ವಯಸ್ಸು ತಮ್ಮದಲ್ಲ ಎಂದುಕೊಂಡು ಅದನ್ನೇ ತಂದರು. ಆಯುಧಪೂಜೆಯ ದಿನ ಮಾಲೀಕರು, "ಖರ್ಚು ಉಳಿಸೋದನ್ನ ಇವರಿಂದ ಕಲೀರಿ" ಎಂದು ಶಾಲು ಹೊದಿಸಿದರು. ಆ ಶಾಲು ಅಂದಿನಿಂದ ಅವರ ಕುರ್ಚಿಯ ಬೆನ್ನ ಮೇಲೆಯೇ ಇತ್ತು, ಬಂದವರಿಗೆಲ್ಲ ಕಾಣುವಂತೆ.

ಪೊಂಗಲ್ ಕಳೆದ ಮೇಲೆ ಯಂತ್ರ ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಅದೂ ಒಂದೇ ಕಡೆ, ಕಿಟಕಿ ಇದ್ದ ತುದಿಯಲ್ಲಿ. ಯಂತ್ರ ನಡೆಸುತ್ತಿದ್ದವರು ಆರುಕ್ಕಾಣಿ. ಹತ್ತೊಂಬತ್ತು ವರ್ಷ ಆ ಯಂತ್ರದ ಜೊತೆ ನಡೆದ ಹೆಂಗಸು. ಆರುಚ್ಚಾಮಿಯವರು ಬಂದು ಗೋಪುರವನ್ನು ಒಂದಿಷ್ಟು ಹಿಂದಕ್ಕೆ ತಳ್ಳಿಸಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

"ಅಣ್ಣಾ, ತಾನಾಗೇ ನಿಲ್ಲುತ್ತೆ. ಆ ಕಡೆ ಹೋದಾಗ ಮಾತ್ರ."

"ಆ ಕಡೆ ಏನಿದೆ ಅಮ್ಮಣಿ? ಕಿಟಕಿ. ಕಿಟಕೀಲಿ ಏನು ಬರುತ್ತೆ? ಗಾಳಿ. ಗಾಳಿ ಬೇಕಾಗಿರೋದು ಮಿಷನ್‌ಗೋ, ನಿಮಗೋ?"

ಸುತ್ತ ಇದ್ದವರೆಲ್ಲ ನಕ್ಕರು. ಆ ಊರಲ್ಲಿ ಹಂಗಿಸುವುದೂ ಬಹುವಚನದಲ್ಲೇ ಆದ್ದರಿಂದ ಗಾಯ ತೊಳೆದಿಟ್ಟಷ್ಟು ಚೊಕ್ಕಟವಾಗಿರುತ್ತದೆ. ನಕ್ಕದ್ದು ಸಾಲದೆಂದು ಆರುಚ್ಚಾಮಿಯವರು ಯಂತ್ರಕ್ಕೆ ನೇತುಹಾಕಿದ್ದ ದಾಖಲೆ ಪುಸ್ತಕದಲ್ಲಿ ಬರೆದರು: "ಯಂತ್ರದಲ್ಲಿ ದೋಷವಿಲ್ಲ. ನಡೆಸುವವರೇ ನಿಲ್ಲಿಸುತ್ತಿದ್ದಾರೆ." ಅದನ್ನು ಓದಿದ ಮ್ಯಾನೇಜರು ಆರುಕ್ಕಾಣಿಯನ್ನು ಹೊರಗಿನ ಶೆಡ್ಡಿಗೆ, ಕೊಳಕು ಹತ್ತಿಯಿಂದ ಕಸ ಆರಿಸುವ ಕೆಲಸಕ್ಕೆ ಕಳಿಸಿದರು. ಕ್ಯಾಂಟೀನಿನಲ್ಲಿ ಅವರಿಗೆ ಹೊಸ ಹೆಸರು ಹುಟ್ಟಿತು. "ಕಿಟಕಿ ಅಕ್ಕಾ, ಬನ್ನಿ, ಫ್ಯಾನಿನ ಕೆಳಗೆ ಜಾಗ ಇದೆ."

ಅವರ ಜಾಗಕ್ಕೆ ಚೆನ್ನಿಯಪ್ಪನ್ ಎಂಬವರು ಬಂದರು. ಅದೇ ವಾರದ ಶನಿವಾರ ಅವರು ಬಾಗಿಲ ಬಳಿ ಆರುಚ್ಚಾಮಿಯವರ ಜೊತೆ ಕಡಲೆಕಾಯಿ ಸುಲಿಯುತ್ತ ನಿಂತಿದ್ದರು. ಇಬ್ಬರ ಕೈಯಲ್ಲೂ ಸಿಪ್ಪೆ. ದೂರದಲ್ಲಿ ಗೋಪುರ ಕಿಟಕಿಯವರೆಗೆ ಹೋಯಿತು, ನಿಂತಿತು.

"ಇದೇನಣ್ಣಾ, ಮುಟ್ಟಿದವರೇ ಇಲ್ಲ?"

"ಕರೆಂಟು ಹೋಗಿ ಬಂತು" ಎಂದರು ಆರುಚ್ಚಾಮಿ. ತಲೆಯ ಮೇಲಿನ ದೀಪಗಳು ಮಿಟುಕದೆ ಉರಿಯುತ್ತಿದ್ದವು. ಚೆನ್ನಿಯಪ್ಪನ್ ಒಮ್ಮೆ ದೀಪ ನೋಡಿ, ಒಮ್ಮೆ ಅವರನ್ನು ನೋಡಿ, ಇನ್ನೊಂದು ಕಡಲೆಕಾಯಿ ಸುಲಿದರು.

ಸಂಜೆಯೇ ಆರುಚ್ಚಾಮಿಯವರು ಅದೇ ಅಂಗಡಿಗೆ ಹೋಗಿ ಮೂರು ಪಟ್ಟು ಬೆಲೆಯ ಕೇಬಲ್ ತಂದರು. ಈ ಸಲ ಮುದುಕರು ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು ಎನಿಸಿತು. ಭಾನುವಾರ ಗಿರಣಿಗೆ ರಜೆ. ಒಬ್ಬರೇ ಹೋಗಿ ಕೇಬಲ್ ಬದಲಿಸಿ, ಹಳೆಯದರ ಹೊರಕವಚವನ್ನು ಸೀಳಿ ನೋಡಿದರು. ಹೊರಗೆ ಒಂದು ಗೀರೂ ಇಲ್ಲ. ಒಳಗೆ, ಬಾಗುವ ಕಡೆ, ತಾಮ್ರ ತುಂಡಾಗಿತ್ತು. ಗೋಪುರ ಕಿಟಕಿಯವರೆಗೆ ಹೋದಾಗ ತುಂಡುಗಳು ದೂರವಾಗುತ್ತಿದ್ದವು, ಹಿಂದಕ್ಕೆ ತಳ್ಳಿದರೆ ಮತ್ತೆ ತಾಗುತ್ತಿದ್ದವು. ಆರುಕ್ಕಾಣಿ ಹೇಳಿದ್ದು ಅದನ್ನೇ, ಇನ್ನೂ ಕಡಿಮೆ ಮಾತಿನಲ್ಲಿ.

ಸದ್ದಿಲ್ಲದೆ ಸರಿಪಡಿಸಿದೆನಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡರು. ಸೋಮವಾರ ಯಂತ್ರ ನಿಲ್ಲಲಿಲ್ಲ. ಮಂಗಳವಾರವೂ ನಿಲ್ಲಲಿಲ್ಲ. ಶುಕ್ರವಾರದ ಹೊತ್ತಿಗೆ ಕ್ಯಾಂಟೀನಿನಲ್ಲಿ ತೀರ್ಪು ಹೊರಬಿತ್ತು: "ನೋಡಿದ್ರಾ, ಕಿಟಕಿ ಅಕ್ಕ ಹೋದ್ಮೇಲೆ ಒಂದ್ಸಲಾನೂ ನಿಂತಿಲ್ಲ." ಮ್ಯಾನೇಜರು ಬೆನ್ನು ತಟ್ಟಿದರು. "ನೀವು ಬರೆದಿದ್ದೇ ನಿಜ ಆಯ್ತು."

ಅಂದು ಮಧ್ಯಾಹ್ನ ಆರುಚ್ಚಾಮಿಯವರು ಊಟದ ಡಬ್ಬಿಯನ್ನು ಬಿಚ್ಚದೆ ಬದಿಗಿಟ್ಟರು. ಕುರ್ಚಿಗೆ ಒರಗಿದರೆ ಶಾಲು ಬೆನ್ನಿಗೆ ಚುಚ್ಚಿದಂತಾಯಿತು. ರಾತ್ರಿಯಿಡೀ ತಾವು ಬರೆದ ಎರಡು ಸಾಲು ತಲೆಯಲ್ಲಿ ಓಡಾಡಿದವು. ಮರುದಿನ ಬೆಳಿಗ್ಗೆ ಸೀಳಿದ ಕೇಬಲ್ಲನ್ನು ಹಳದಿ ಚೀಲದಲ್ಲಿ ಹಾಕಿಕೊಂಡು ಶೆಡ್ಡಿಗೆ ಹೋದರು. ಆರುಕ್ಕಾಣಿ ಹತ್ತಿಯ ರಾಶಿಯ ನಡುವೆ ಕೂತಿದ್ದರು. ಹುಬ್ಬಿನ ಮೇಲೂ ಧೂಳು.

"ಅಮ್ಮಣಿ, ತಪ್ಪು ನಂದು. ಕೇಬಲ್ ಒಳಗೇ ಮುರಿದಿತ್ತು."

ಆಕೆ ತಲೆ ಎತ್ತಲಿಲ್ಲ. "ನನಗ್ಯಾಕೆ ಹೇಳ್ತೀರಣ್ಣಾ? ನಾನು ನಿಲ್ಲಿಸ್ಲಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ಗೊತ್ತಿಲ್ಲದವರು ಕ್ಯಾಂಟೀನಲ್ಲಿದಾರೆ."

"ಮ್ಯಾನೇಜರಿಗೆ ಮೆಲ್ಲಗೆ ಒಂದು ಮಾತು ಹೇಳಿ ನಿಮ್ಮನ್ನ ವಾಪಸ್..."

"ಮೆಲ್ಲಗೆ ಬೇಡ. ಅವತ್ತು ನಕ್ಕಿದ್ದು ಮೆಲ್ಲಗಾ?"

ಹತ್ತು ಗಂಟೆಯ ಟೀ ಹೊತ್ತಿಗೆ ಆರುಚ್ಚಾಮಿಯವರು ಕ್ಯಾಂಟೀನಿನಲ್ಲಿ ಎದ್ದು ನಿಂತರು. ತಪ್ಪೊಪ್ಪಿಗೆಗೂ ಒಂದು ಪೀಠಿಕೆ ಇದ್ದರೆ ಚೆನ್ನ ಎಂದು ತಾಮ್ರದ ಎಳೆ, ಹೊರಕವಚ, ಎಣ್ಣೆ, ಬಾಗು ಎಂದು ಐದು ನಿಮಿಷ ಮಾತಾಡಿದರು. ಇವರಿಗೆ ಇನ್ನೊಂದು ಶಾಲು ಬಂದಿರಬೇಕೆಂದು ಜನ ಭಾವಿಸಿದರು.

"ಅಣ್ಣಾ, ಟೀ ಆರ್ತಿದೆ" ಎಂದರು ಚೆನ್ನಿಯಪ್ಪನ್.

ಆಗ ಉಳಿದದ್ದು ಒಂದೇ ಉಸಿರಿಗೆ ಬಂತು. "ಆರುಕ್ಕಾಣಿ ಮಿಷನ್ ನಿಲ್ಲಿಸ್ಲಿಲ್ಲ. ನಾನು ತಂದ ಕೇಬಲ್ ನಿಲ್ಲಿಸ್ತು. ಗೊತ್ತಾದ ಮೇಲೂ ಒಂದು ವಾರ ಸುಮ್ನಿದ್ದೆ." ಯಾರೂ ನಗಲಿಲ್ಲ. ಮ್ಯಾನೇಜರ ಎದುರಿಗೇ ಪುಸ್ತಕ ತರಿಸಿ, ಆ ಸಾಲುಗಳನ್ನು ಹೊಡೆದುಹಾಕಿ, ಕೆಳಗೆ ನಿಜ ಬರೆದು ರುಜು ಹಾಕಿದರು.

ಸೋಮವಾರ ಆರುಕ್ಕಾಣಿ ಯಂತ್ರಕ್ಕೆ ಮರಳಿದರು. ಕಿಟಕಿ ಅಕ್ಕ ಎಂಬ ಹೆಸರು ಮಾತ್ರ ಕೆಲವರ ಬಾಯಲ್ಲಿ ಇನ್ನೂ ಉಳಿದಿದೆ. ಅದು ಕಿವಿಗೆ ಬಿದ್ದಾಗಲೆಲ್ಲ ತಲೆ ತಗ್ಗಿಸುವವರು ಆರುಚ್ಚಾಮಿ. ಶಾಲು ಈಗ ಕುರ್ಚಿಯ ಮೇಲಿಲ್ಲ.

ಇದನ್ನೆಲ್ಲ ಅವರು ಬಸ್ಸಿನಲ್ಲಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಹೇಳಿದರು. ಕೇಳಬಾರದ್ದನ್ನು ನಾನು ಕೇಳಿದೆ.

"ಅಷ್ಟು ಜನರ ಮುಂದೆ ಒಪ್ಕೊಂಡ್ರಲ್ಲ, ಆಕೆ ನಿಮ್ಮನ್ನ ಕ್ಷಮಿಸಿದ್ರಾ?"

"ಇಲ್ಲ" ಎಂದರು. "ಯಾಕೆ ಕ್ಷಮಿಸ್ಬೇಕು?"