ನೂರ ಎಂಬತ್ತರ ನಾಚಿಕೆ

ನನ್ನ ಎದೆಬಡಿತದ ಡೈರಿಯ ಪ್ರಕಾರ ಅದು ಆ ವರ್ಷದ ಒಂಬತ್ತನೆಯ ಸಲ. ೧೯೯೬ರ ಮಾರ್ಚ್ ೩, ಭಾನುವಾರ. ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ, ಚಿಕ್ಕಮ್ಮನ ಮನೆಯಲ್ಲಿ ಕಾಫಿ ಟ್ರೇ ಹಿಡಿದು ನಿಂತಿದ್ದಾಗ ನನ್ನ ಎದೆ ಇದ್ದಕ್ಕಿದ್ದಂತೆ ಓಡತೊಡಗಿತು. ಎದುರಿಗೆ, ನಾರ್ತ್ ಕೆರೋಲಿನಾದಿಂದ ನನ್ನನ್ನು ನೋಡಲು ಬಂದಿದ್ದ ಹುಡುಗ ಮತ್ತು ಅವನ ತಾಯಿ. ನನ್ನ ಮುಖ ಕೆಂಪೇರಿತು, ಲೋಟಗಳು ಗಲಗಲ ಅಂದವು. ಒಳಗೆ ಹೋಗಿ ನಾಡಿ ಎಣಿಸಿದೆ: ನೂರ ಎಂಬತ್ತು.

"ಎಷ್ಟು ನಾಚಿಕೆ ನೋಡಿ ಹುಡುಗಿಗೆ! ಈಗಿನ ಕಾಲದಲ್ಲಿ ಎಲ್ಲಿ ಸಿಗತ್ತೆ ರೀ ಇಂಥ ಸಂಸ್ಕಾರ?" ಎಂದು ಆ ತಾಯಿ ಕರಗಿಹೋದರು.

ಮುಂದಿನ ವಾರವೇ ನನಗೆ ಅಬ್ಲೇಷನ್ ನಿಗದಿಯಾಗಿತ್ತು. ತೊಡೆಸಂದಿನ ರಕ್ತನಾಳದಿಂದ ಹೃದಯದವರೆಗೆ ತೆಳು ಕೊಳವೆ ತೂರಿಸಿ, ಒಳಗೆ ಅಡ್ಡದಾರಿ ಹಿಡಿದ ವಿದ್ಯುತ್ತಿನ ಹಾದಿಯನ್ನು ಸುಡುವ ಚಿಕಿತ್ಸೆ. ಕಾರು ಓಡಿಸುವಾಗ ಎರಡು ಸಲ ನನಗೆ ಕಣ್ಣು ಕತ್ತಲೆಯಾಗಿತ್ತು. ಹೈವೇಯಲ್ಲಿ ನಿಧಾನವಾಗಿ ಹೋಗುವವರ ಬಲಗಡೆಯ ಲೇನು ಬಿಟ್ಟು ಕದಲುತ್ತಿರಲಿಲ್ಲ. ಚಿಕ್ಕಮ್ಮನ ಚಿಂತೆ ಬೇರೆ.

"ನಿಶ್ಚಿತಾರ್ಥ ಆಗೋವರ್ಗೂ ಪೋಸ್ಟ್‌ಪೋನ್ ಮಾಡೇ. ಹಾರ್ಟ್ ಆಪರೇಷನ್ ಅಂದ್ರೆ ಯಾರು ಮಾಡ್ಕೋತಾರೆ?"

"ಹೈವೇಲಿ ತಲೆ ತಿರುಗೋದನ್ನ ಯಾರು ಪೋಸ್ಟ್‌ಪೋನ್ ಮಾಡ್ತಾರೆ, ಚಿಕ್ಕಮ್ಮ?"

"ನಾಲಿಗೆ ನೋಡು! ಅವರು ಕೇಳಿಸ್ಕೊಂಡಿದ್ರೆ?"

ನಿಗದಿಯಾದ ದಿನವೇ ಚಿಕ್ಕಪ್ಪ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಊರಿಗೆಲ್ಲ ಚಿಕ್ಕಮ್ಮ ಹೇಳಿದ್ದು, ಹಲ್ಲು ಕೀಳಿಸಲು ಹೋಗಿದ್ದಾಳೆಂದು. ನಂಬಿದ ಮೂರು ಮನೆಗಳಿಂದ ಮೆತ್ತಗೆ ಕಲಸಿದ ಮೊಸರನ್ನ ಬಂತು.

ಟೇಬಲ್ಲಿನ ಮೇಲೆ ನಾನು ಎಚ್ಚರವಾಗಿಯೇ ಇದ್ದೆ. ಡಾಕ್ಟರು ಬೇಕೆಂದೇ ಎದೆಯನ್ನು ಓಡಿಸಿ, ಇದೇ ತಾನೆ ಎಂದು ಕೇಳಿದರು. ಇದೇ ಎಂದೆ. ಎದೆಯೊಳಗೆ ಬಿಸಿ ಚುಚ್ಚಿದಂತಾಯಿತು. ಆಮೇಲೆ ಅವರು ಎಷ್ಟು ಕೆಣಕಿದರೂ ಅದು ಏಳಲಿಲ್ಲ.

ಏಪ್ರಿಲ್ ೭ರಂದು ಮಾತು ಗಟ್ಟಿ ಮಾಡಲು ತಾಯಿ-ಮಗ ಮತ್ತೆ ಬಂದರು. ಅದೇ ಟ್ರೇ, ಅವೇ ಲೋಟಗಳು, ಒಂದೂ ಅಲುಗಲಿಲ್ಲ. ಹುಡುಗನ ಮುಖ ನೋಡಿಯೇ ಸಕ್ಕರೆ ಎಷ್ಟು ಎಂದು ಕೇಳಿದೆ.

ಅವನ ತಾಯಿ ಚಿಕ್ಕಮ್ಮನತ್ತ ಬಾಗಿದರು. "ಹೋದ್ಸಲದ ಹಾಗಿಲ್ವಲ್ಲ ರೀ. ನಾಚಿಕೆನೇ ಹೊರಟುಹೋಗಿದೆ."

"ಅದಾ ಆಂಟಿ? ಆಸ್ಪತ್ರೇಲಿ ಸುಟ್ಟು ತೆಗೆದ್ರು," ಎಂದು ಕೂತು ಎಲ್ಲವನ್ನೂ ವಿವರಿಸಿದೆ. ಯಂತ್ರಗಳ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಆ ಹುಡುಗ ಒಂದೂ ಪ್ರಶ್ನೆ ಕೇಳದೆ ಅಮ್ಮನ ಮುಖ ನೋಡಿದ. ಕಾಫಿ ಆರುವ ಮೊದಲೇ ಇಬ್ಬರೂ ಕಾರು ಹತ್ತಿದರು.

"ತೃಪ್ತಿ ಆಯ್ತಾ?" ಎಂದರು ಚಿಕ್ಕಮ್ಮ.

ಮಾರನೆಯ ಬೆಳಿಗ್ಗೆ ಎಡಗಡೆಯ ಲೇನಿನಲ್ಲಿ ಕೆಲಸಕ್ಕೆ ಹೋದೆ.